ಕರಾರು ಮುರಿದರೆ ಯಾವ ಕದ ತಟ್ಟಬೇಕು?

ಹಣ ತೆಗೆದುಕೊಂಡು ಕೆಲಸ ಮಾಡದವರ ಮೇಲೆ ಪೊಲೀಸ್ ಸ್ಟೇಷನ್‌ಗೆ ದೂರು ಕೊಟ್ಟವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಹಿಂಬರಹ. "ದೂರಿನ ಅಂಶಗಳು ಸಿವಿಲ್ ಸ್ವರೂಪದ್ದಾಗಿದ್ದು, ಸಕ್ಷಮ ನ್ಯಾಯಾಲಯದಲ್ಲಿ ಪರಿಹಾರ ಪಡೆದುಕೊಳ್ಳಲು ತಿಳಿಸಲಾಗಿದೆ" ಅಂತ ಒಂದು ಸಾಲು, ಕೆಳಗೆ ಸೀಲು, ಸಹಿ. ಆ ಸಕ್ಷಮ ನ್ಯಾಯಾಲಯ ಯಾವುದು ಎಂದು ಮಾತ್ರ ಯಾರೂ ಬರೆದುಕೊಡುವುದಿಲ್ಲ.

ಅಲ್ಲಿಂದ ಶುರುವಾಗುತ್ತದೆ ಅಲೆದಾಟ. ಒಬ್ಬರು ಗ್ರಾಹಕರ ಕೋರ್ಟಿಗೆ ಹೋಗಿ ಅಂತಾರೆ. ಇನ್ನೊಬ್ಬರು ರೇರಾ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರ ಅಂತಾರೆ. ಸ್ವಲ್ಪ ಬಿಸಿನೆಸ್ ಗೊತ್ತಿದ್ದವರು "ಎನ್‌ಸಿಎಲ್‌ಟಿಗೆ ಹಾಕು, ಹೆದರಿಕೊಂಡು ದುಡ್ಡು ಕೊಡ್ತಾನೆ" ಅಂತಾರೆ, ಅದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ಎಲ್ಲರೂ ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನಿಮ್ಮ ಕೈಯಲ್ಲಿರುವ ಅಗ್ರಿಮೆಂಟ್ ಎಷ್ಟೇ ಗಟ್ಟಿಯಾಗಿರಲಿ, ಎದುರಿನವರ ತಪ್ಪು ಎಷ್ಟೇ ಸ್ಪಷ್ಟವಾಗಿರಲಿ, ನೀವು ಹೋದ ಜಾಗಕ್ಕೆ ಆ ಜಗಳ ಕೇಳುವ ಅಧಿಕಾರವೇ ಇಲ್ಲದಿದ್ದರೆ ನಿಮ್ಮ ಸತ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಯಾರು ಸರಿ ಎಂಬ ಪ್ರಶ್ನೆ ಎರಡನೆಯದು. ಯಾರು ಸರಿ ಅಂತ ಹೇಳುವ ಅಧಿಕಾರ ಯಾರಿಗಿದೆ ಎಂಬುದು ಮೊದಲನೆಯದು.

ಬುಡದಿಂದ ನೋಡೋಣ. ಸಿವಿಲ್ ಪ್ರಕ್ರಿಯಾ ಸಂಹಿತೆ ಅಂತ 1908ರ ಕಾಯ್ದೆ ಇದೆ. ಅದರ 9ನೇ ಸೆಕ್ಷನ್ ಪ್ರಕಾರ ಸಿವಿಲ್ ಸ್ವರೂಪದ ಯಾವುದೇ ವಿವಾದವನ್ನು ಸಿವಿಲ್ ಕೋರ್ಟ್ ಕೇಳಬಹುದು, ಬೇರೆ ಕಾನೂನು ನೇರವಾಗಿಯೋ ಪರೋಕ್ಷವಾಗಿಯೋ ಬೇಡ ಎಂದಿದ್ದರೆ ಮಾತ್ರ ಕೇಳುವಂತಿಲ್ಲ. ಅಂದರೆ ಸಿವಿಲ್ ಕೋರ್ಟಿಗೆ ಅಧಿಕಾರ ಇದೆ ಎಂದುಕೊಂಡೇ ಹೊರಡಬೇಕು, ಇಲ್ಲ ಅನ್ನುವವರು ತೋರಿಸಬೇಕು. ಆಯೋಗ, ಪ್ರಾಧಿಕಾರ, ನ್ಯಾಯಮಂಡಳಿಗಳದ್ದು ಇದಕ್ಕೆ ತದ್ವಿರುದ್ಧ. ಅವು ಒಂದೊಂದು ಕಾಯ್ದೆಯಿಂದ ಹುಟ್ಟಿದವು. ಆ ಕಾಯ್ದೆಯಲ್ಲಿ ಬರೆದಷ್ಟೇ ಅಧಿಕಾರ, ಅದರಾಚೆ ಒಂದಿಂಚೂ ಇಲ್ಲ. ಎರಡೂ ಕಡೆಯವರು ಒಪ್ಪಿ "ನೀವೇ ತೀರ್ಮಾನ ಮಾಡಿ" ಎಂದರೂ ಇಲ್ಲದ ಅಧಿಕಾರ ಹುಟ್ಟಿಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1954ರಲ್ಲೇ, ಕಿರಣ್ ಸಿಂಗ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ: ಅಧಿಕಾರವಿಲ್ಲದ ಕಡೆಯಿಂದ ಬಂದ ಡಿಕ್ರಿ (ಕೋರ್ಟಿನ ತೀರ್ಮಾನ) ಶೂನ್ಯ, ಅದನ್ನು ಅಮಲ್ಜಾರಿ, ಅಂದರೆ ಜಾರಿ ಮಾಡಿಸುವ ಹಂತದಲ್ಲೂ ಪ್ರಶ್ನಿಸಬಹುದು.

ಇಲ್ಲೊಂದು ಸೂಕ್ಷ್ಮ ಇದೆ. ವಿಷಯದ ಮೇಲೆಯೇ ಅಧಿಕಾರ ಇಲ್ಲದಿದ್ದರೆ ಅದು ಸರಿಯಾಗದ ದೋಷ. ಆದರೆ ಸಿವಿಲ್ ಕೋರ್ಟುಗಳಲ್ಲಿ ಊರು ತಪ್ಪಿದೆ, ಮೊತ್ತದ ಮಿತಿ ತಪ್ಪಿದೆ ಎಂಬ ತಕರಾರನ್ನು ಶುರುವಿನಲ್ಲೇ ಎತ್ತಬೇಕು. ಕೊನೆಯವರೆಗೂ ಸುಮ್ನೆ ಕೂತು, ಸೋತ ಮೇಲೆ ಎತ್ತಿದರೆ, ತಮಗೆ ನಿಜವಾಗಿ ಅನ್ಯಾಯವಾಗಿದೆ ಅಂತ ತೋರಿಸದ ಹೊರತು ನಡೆಯುವುದಿಲ್ಲ.

ಈಗ ಜನ ಜಾಸ್ತಿ ಹೋಗುವ, ಗ್ರಾಹಕರ ಕೋರ್ಟ್ ಎಂದೇ ಕರೆಯುವ ಗ್ರಾಹಕ ಆಯೋಗಕ್ಕೆ ಬರೋಣ. ಹೋಗುವುದಕ್ಕೆ ಕಾರಣವೂ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಇಲ್ಲದೆಯೂ ವಾದ ಮಾಡಬಹುದು. ಸಿವಿಲ್ ಕೋರ್ಟಿನಲ್ಲಿ ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕಾದವರಿಗೆ ಇದು ದೊಡ್ಡ ಆಸೆಯೇ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಫ್ಲ್ಯಾಟ್‌ನ ಇಂಟೀರಿಯರ್ ಕೆಲಸಕ್ಕೆ 9 ಲಕ್ಷಕ್ಕೆ ಒಪ್ಪಂದ ಆಗಿದೆ. ನೀವು 6 ಲಕ್ಷ ಕೊಟ್ಟಿದ್ದೀರಿ. ಅಡುಗೆಮನೆಗೆ ಕಪಾಟಿನ ಚೌಕಟ್ಟು ನಿಲ್ಲಿಸಿ, ಬಾಗಿಲು ಹಾಕದೆ, ಗೋಡೆಯಲ್ಲಿ ವೈರು ನೇತಾಡಿಸಿ ಆಸಾಮಿ ಹೊರಟುಹೋಗಿದ್ದಾನೆ. ಇದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೇಳಿ ಮಾಡಿಸಿದ ಕೇಸು. ಹಣ ಕೊಟ್ಟು ಸೇವೆ ಪಡೆದಿದ್ದೀರಿ, ಸೇವೆಯಲ್ಲಿ ಕೊರತೆಯಾಗಿದೆ, ಮನೆ ನಿಮ್ಮ ವಾಸಕ್ಕೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅವನ ಆಫೀಸ್ ಎಲ್ಲೇ ಇರಲಿ.

ಅದೇ ಇಂಟೀರಿಯರ್ ಕೆಲಸವನ್ನು ನಲವತ್ತು ಜನರ ಕಂಪನಿಯ ಆಫೀಸಿಗೆ ಮಾಡಿಸಿದ್ದರೆ? ಎದುರುದಾರರ ಉತ್ತರದಲ್ಲಿ ಮೊದಲ ಪ್ಯಾರಾವೇ "ದೂರುದಾರರು ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ, ಆದ್ದರಿಂದ ಈ ದೂರು ವಿಚಾರಣೆಗೆ ಅರ್ಹವಲ್ಲ" ಎಂದಿರುತ್ತದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತು, ಪಡೆದ ಸೇವೆ ಆಯೋಗದ ವ್ಯಾಪ್ತಿಯಿಂದ ಹೊರಗೆ. ಇದಕ್ಕೊಂದು ವಿನಾಯಿತಿ ಇದೆ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರು. ಒಬ್ಬ ಟೈಲರ್ ತಾನೇ ಕೂತು ಹೊಲಿಯಲು ಕೊಂಡ ಮೆಷಿನ್ ಕೆಟ್ಟರೆ ಅವನು ಗ್ರಾಹಕನೇ. ಗೆರೆ ಎಲ್ಲಿದೆ ಅಂತ ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಹಾಗಂತ ಸಂಸ್ಥೆ ಕೊಂಡದ್ದೆಲ್ಲ ವಾಣಿಜ್ಯ ಎಂದೂ ಅಲ್ಲ. ಮುಂಬೈಯ ಆಸ್ಪತ್ರೆ ಟ್ರಸ್ಟೊಂದು ನರ್ಸ್‌ಗಳ ವಸತಿಗೆ ಫ್ಲ್ಯಾಟುಗಳನ್ನು ಕೊಂಡಿತ್ತು. ಅದರಿಂದ ಟ್ರಸ್ಟಿಗೆ ನೇರ ಲಾಭ ಬರುವುದಿಲ್ಲ, ಹಾಗಾಗಿ ಅದು ಗ್ರಾಹಕ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೋಡುವುದು ಮುಖ್ಯ ಉದ್ದೇಶವನ್ನು.

ಮೊತ್ತದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಹಳೇ 1986ರ ಕಾಯ್ದೆಯಲ್ಲಿ ವಸ್ತುವಿನ ಬೆಲೆ ಮತ್ತು ಕೇಳುವ ಪರಿಹಾರ ಎರಡನ್ನೂ ಕೂಡಿಸಿ ಯಾವ ಆಯೋಗ ಅಂತ ನೋಡುತ್ತಿದ್ದರು. ಈಗ ಹಾಗಿಲ್ಲ. ನೀವು ಕೈಯಿಂದ ಕೊಟ್ಟ ಹಣ ಎಷ್ಟು, ಅಷ್ಟೇ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅದರಿಂದಾಚೆ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಈ ಮಿತಿಗಳು 2021ರ ಡಿಸೆಂಬರ್ ಕೊನೆಯಲ್ಲಿ ಬಂದ ನಿಯಮಗಳಿಂದ ಆದವು. ಮೂಲ ಕಾಯ್ದೆಯಲ್ಲಿ 1 ಕೋಟಿ, 10 ಕೋಟಿ ಎಂದಿತ್ತು, ಆನ್‌ಲೈನ್‌ನಲ್ಲಿ ಇನ್ನೂ ಎಷ್ಟೋ ಕಡೆ ಅದೇ ಹಳೇ ಅಂಕಿ ಓಡಾಡುತ್ತಿದೆ. ಪರಿಣಾಮ ಎಷ್ಟು ದೂರ ಹೋಗುತ್ತದೆ ನೋಡಿ: 30 ಲಕ್ಷ ಚಿಲ್ಲರೆಗೆ ಕೊಂಡ ಕಾರಿಗೆ ಬೆಂಕಿ ಹತ್ತಿ ಒಬ್ಬರು ತೀರಿಕೊಂಡರು. ಕುಟುಂಬ 50 ಕೋಟಿಗೂ ಮಿಕ್ಕಿ ಪರಿಹಾರ ಕೇಳಬೇಕೆಂದಿತ್ತು. ಆದರೂ ಕೊಟ್ಟ ಬೆಲೆಯ ಲೆಕ್ಕದಲ್ಲಿ ಅದು ಜಿಲ್ಲಾ ಆಯೋಗದ ಕೇಸು. ಈ ಪದ್ಧತಿಯೇ ಸಂವಿಧಾನಕ್ಕೆ ವಿರುದ್ಧ ಎಂದು ವಾದಿಸಿದರು, 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನನಗೆ ಇದು ವಿಚಿತ್ರ ಅನ್ನಿಸುತ್ತದೆ, ಹೋದದ್ದು ಜೀವ, ಅಳೆದದ್ದು ಷೋರೂಂ ಬಿಲ್ಲು. ಆದರೆ ಕಾನೂನು ಸದ್ಯಕ್ಕೆ ಅದೇ.

ಇನ್ನು ಸೈಟು. ಬೆಂಗಳೂರಿನ ಸುತ್ತಮುತ್ತ ಅರ್ಧ ಜಗಳ ಸೈಟಿನದ್ದೇ ಅಲ್ವಾ. ನೆಲಮಂಗಲದ ಕಡೆ ಒಬ್ಬರ ಹೆಸರಲ್ಲಿರುವ 30x40 ಸೈಟಿಗೆ 12 ಲಕ್ಷ ಅಡ್ವಾನ್ಸ್ ಕೊಟ್ಟು ಮಾರಾಟದ ಕರಾರು ಮಾಡಿಕೊಂಡಿರಿ. ರೇಟು ಏರಿತು, ಅವರು ರಿಜಿಸ್ಟರ್ ಮಾಡಿಕೊಡಲು ಒಲ್ಲೆ ಎಂದರು. ಇದು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ. ಅವರು ನಿಮಗೆ ಸೇವೆ ಕೊಡುತ್ತಿರಲಿಲ್ಲ, ಜಮೀನು ಮಾರುತ್ತಿದ್ದರು. ಬರೀ ಸ್ಥಿರಾಸ್ತಿ ಮಾರಾಟ ಸೇವೆಯಲ್ಲ. ಕರಾರಿನಂತೆ ಕ್ರಯಪತ್ರ ಮಾಡಿಸಿಕೊಡಿ ಎಂದು ಸಿವಿಲ್ ಕೋರ್ಟಿನಲ್ಲೇ ದಾವೆ ಹಾಕಬೇಕು, ಉಳಿದ ಹಣ ಕೊಡಲು ನೀವು ಸದಾ ತಯಾರಿದ್ದಿರಿ ಅಂತ ತೋರಿಸಬೇಕು.

ಅದೇ ಅಳತೆಯ ಸೈಟನ್ನು ಲೇಔಟ್ ಮಾಡುವ ಕಂಪನಿಯೊಂದು ರಸ್ತೆ, ಚರಂಡಿ, ನೀರು, ಕರೆಂಟು ಎಲ್ಲ ಕೊಡುತ್ತೇವೆ ಎಂದು ಬ್ರೋಷರ್ ಹಂಚಿ ಮಾರಿದ್ದರೆ ಆಗ ಅದು ಸೇವೆ. ನಾರ್ನೆ ಕನ್‌ಸ್ಟ್ರಕ್ಷನ್ಸ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸ ಗುರುತಿಸಿತು. ಗೃಹ ನಿರ್ಮಾಣ ಸಹಕಾರ ಸಂಘದ ಸೈಟಾಗಿದ್ದರೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಸೆಕ್ಷನ್ ಅಡಿ ರಿಜಿಸ್ಟ್ರಾರ್ ಮುಂದಿನ ದಾರಿಯೂ ಇದೆ. ಬಿಡಿಎ ಹಂಚಿಕೆ ಮಾಡಿದ ಸೈಟು ತಡವಾದರೆ ಗ್ರಾಹಕ ಆಯೋಗ ಕೇಳುತ್ತದೆ, ಆದರೆ ಮೂಲೆ ಸೈಟನ್ನು ಹರಾಜಿನಲ್ಲಿ ಕೂಗಿ ಕೊಂಡು ಆಮೇಲೆ ಅಲ್ಲಿ ರಸ್ತೆ ಇಲ್ಲ ಎಂದರೆ ಕಷ್ಟ. ಇದ್ದದ್ದನ್ನು ಇದ್ದ ಹಾಗೆ ಹರಾಜಿನಲ್ಲಿ ಕೊಂಡವರು ಗ್ರಾಹಕರಲ್ಲ ಎಂದು 2009ರಲ್ಲಿ ಚಂಡೀಗಢದ ಪ್ರಕರಣವೊಂದರಲ್ಲಿ ತೀರ್ಮಾನವಾಗಿದೆ.

ಇದೇ ಅಳತೆಗೋಲಿನಿಂದ ಇನ್ನೂ ಕೆಲವು ಹೊರಗುಳಿಯುತ್ತವೆ. ಕೈಸಾಲ ವಾಪಸ್ ಬಂದಿಲ್ಲ ಅಂತ ಆಯೋಗಕ್ಕೆ ಹೋಗುವಂತಿಲ್ಲ. ಸಂಬಳ ಬಾಕಿ ಇದ್ದರೆ, ನೋಟಿಸ್ ಪೀರಿಯಡ್ ಜಗಳವಾದರೆ ಅಲ್ಲಿಗಲ್ಲ, ಏಕೆಂದರೆ ನೌಕರಿ ಅನ್ನುವುದು ವೈಯಕ್ತಿಕ ಸೇವೆಯ ಕರಾರು, ಅದನ್ನು ಕಾಯ್ದೆಯೇ ಹೊರಗಿಟ್ಟಿದೆ. ವಕೀಲರ ಸೇವೆಯೂ ಆ ಗುಂಪಿಗೇ ಸೇರುತ್ತದೆ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಾಕ್ಟರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದು, ವಕೀಲರ ಮೇಲೆ ಹೋಗುವಂತಿಲ್ಲ. ಈ ಬಗ್ಗೆ ಡಾಕ್ಟರುಗಳು ಏನಂದುಕೊಂಡರೋ.

ಸಹಿಯೇ ನನ್ನದಲ್ಲ, ದಾಖಲೆ ಸೃಷ್ಟಿಸಿದ್ದಾರೆ, ಮೋಸ ಮಾಡಿದ್ದಾರೆ ಎಂಬಂಥ ಆರೋಪಗಳು ಬಂದರೆ ಕಥೆ ಬೇರೆಯಾಗುತ್ತದೆ. ಆಯೋಗದ್ದು ಸಂಕ್ಷಿಪ್ತ ವಿಚಾರಣೆ. ಅಫಿಡವಿಟ್, ದಾಖಲೆ ನೋಡಿ ತೀರ್ಮಾನಿಸುವುದು ಅದರ ರೀತಿ. ಸಾಕ್ಷಿಗಳನ್ನು ಕಟಕಟೆಗೆ ಕರೆದು ದಿನಗಟ್ಟಲೆ ಪಾಟೀ ಸವಾಲು ಮಾಡಬೇಕಾದ ವಿಷಯಕ್ಕೆ ಅದು ಜಾಗವಲ್ಲ ಎಂದು ಸಿಟಿ ಯೂನಿಯನ್ ಬ್ಯಾಂಕ್ ಪ್ರಕರಣದಲ್ಲಿ 2023ರಲ್ಲಿ ಹೇಳಲಾಗಿದೆ. ಆದರೆ ವಿಷಯ ಸ್ವಲ್ಪ ಜಟಿಲವಾಗಿದೆ ಎಂಬ ಒಂದೇ ನೆಪಕ್ಕೆ ದೂರನ್ನು ತಳ್ಳಿಹಾಕುವಂತಿಲ್ಲ ಎಂದು 2002ರ ಇನ್ನೊಂದು ತೀರ್ಪಿದೆ. ಎರಡರ ನಡುವಿನ ಜಾಗದಲ್ಲೇ ಎದುರುದಾರರ ವಕೀಲರು ಆಟ ಆಡುವುದು. ಹಾಗಾಗಿ ದೂರು ಬರೆಯುವಾಗ ಸಿಟ್ಟಿಗೆ "ವಂಚನೆ, ಫೋರ್ಜರಿ" ಅಂತ ಪುಟಗಟ್ಟಲೆ ಬರೆಯಬೇಡಿ. ಹಣ ಕೊಟ್ಟೆ, ಕೆಲಸ ಆಗಿಲ್ಲ ಎಂಬಷ್ಟಕ್ಕೆ ನಿಂತರೆ ಆಯೋಗದೊಳಗೇ ಇರುತ್ತೀರಿ.

ಇನ್ನೊಂದು ವಿಷಯ ಅಷ್ಟಾಗಿ ಗೊತ್ತಿಲ್ಲ. ಕರಾರಿನ ಷರತ್ತೇ ಅನ್ಯಾಯದ್ದು, ಅದನ್ನೇ ರದ್ದು ಮಾಡಿ ಎಂದು ಕೇಳುವ ದೂರು ಜಿಲ್ಲಾ ಆಯೋಗಕ್ಕೆ ಹೋಗುವುದಿಲ್ಲ. ಅನ್ಯಾಯದ ಕರಾರುಗಳನ್ನು ನೋಡುವ ಅಧಿಕಾರವನ್ನು ಕಾಯ್ದೆ ರಾಜ್ಯ ಆಯೋಗಕ್ಕೆ ಮತ್ತು ರಾಷ್ಟ್ರೀಯ ಆಯೋಗಕ್ಕೆ ಮಾತ್ರ ಕೊಟ್ಟಿದೆ. ಕೊಟ್ಟ ಹಣ 3 ಲಕ್ಷವೇ ಇದ್ದರೂ ಅಷ್ಟೆ. ಹುಬ್ಬಳ್ಳಿಯವರಾಗಲಿ ಮಂಗಳೂರಿನವರಾಗಲಿ, ರಾಜ್ಯ ಆಯೋಗವೇ ಗತಿ.

ಫ್ಲ್ಯಾಟು ಮತ್ತು ಲೇಔಟ್‌ಗಳಿಗೆ ರೇರಾ ಇದೆ, 2016ರ ಕಾಯ್ದೆ. 500 ಚದರ ಮೀಟರ್ ಮೀರದ ಜಾಗ ಅಥವಾ 8 ಮೀರದ ಮನೆಗಳ ಪ್ರಾಜೆಕ್ಟ್‌ಗಳಿಗೆ ವಿನಾಯಿತಿ, ಉಳಿದವು ನೋಂದಣಿ ಆಗಲೇಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಹಣ ಬಡ್ಡಿ ಸಮೇತ ವಾಪಸ್ ಕೇಳಬಹುದು. ರೇರಾ ನೋಡಬೇಕಾದ ವಿಷಯವನ್ನು ಸಿವಿಲ್ ಕೋರ್ಟ್ ಮುಟ್ಟುವಂತಿಲ್ಲ ಎಂದು 79ನೇ ಸೆಕ್ಷನ್ ಹೇಳುತ್ತದೆ. ಆದರೆ ಗ್ರಾಹಕ ಆಯೋಗ ಸಿವಿಲ್ ಕೋರ್ಟ್ ಅಲ್ಲ, ಹಾಗಾಗಿ ಅದಕ್ಕೆ ಈ ತಡೆ ತಗಲುವುದಿಲ್ಲ. ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ 2020ರಲ್ಲಿ ಇದು ಇತ್ಯರ್ಥವಾಯಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಒಂದೇ ಪರಿಹಾರಕ್ಕೆ ಎರಡೂ ಕಡೆ ಓಡುವಂತಿಲ್ಲ.

ರೇರಾ ಒಳಗೂ ಎರಡು ಕೋಣೆಗಳಿವೆ. ಹಣ ವಾಪಸಾತಿ ಮತ್ತು ಬಡ್ಡಿ ಪ್ರಾಧಿಕಾರದ ಕೆಲಸ, ನಷ್ಟ ಪರಿಹಾರ ನಿಗದಿ ಮಾಡುವುದು ನ್ಯಾಯನಿರ್ಣಯ ಅಧಿಕಾರಿಯ ಕೆಲಸ. 2021ರ ನ್ಯೂಟೆಕ್ ತೀರ್ಪು ಈ ಗೋಡೆಯನ್ನು ಗಟ್ಟಿ ಮಾಡಿತು. ಆದೇಶ ಬಂದ ಮೇಲೂ ಬಿಲ್ಡರ್ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು, ಅಂದರೆ ಕಡತ ಕಂದಾಯ ಇಲಾಖೆಯ ಟೇಬಲ್‌ಗೆ ಹೋಗುತ್ತದೆ. ಅಲ್ಲಿ ಅದು ಯಾವ ವೇಗದಲ್ಲಿ ಓಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ವ್ಯಾಪಾರಸ್ಥರ ನಡುವಿನ ಕರಾರಾದರೆ ದಾರಿ ಬೇರೆ. ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದು ದೊಡ್ಡ ಕಂಪನಿಗೆ 8 ಲಕ್ಷದ ಬಿಡಿಭಾಗ ಕೊಟ್ಟು ದುಡ್ಡಿಗೆ ಕಾಯುತ್ತಿದೆ ಎಂದುಕೊಳ್ಳಿ. 3 ಲಕ್ಷಕ್ಕೆ ಮುಟ್ಟಿದ ವಾಣಿಜ್ಯ ವಿವಾದ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂಧಾನಕ್ಕೆ ಹೋಗಿ ಬಂದಿರಬೇಕು, ತುರ್ತು ತಡೆಯಾಜ್ಞೆ ಬೇಕಾದ ಕೇಸಿಗೆ ಮಾತ್ರ ವಿನಾಯಿತಿ. ಸಂಧಾನ ಬಿಟ್ಟು ನೇರ ಹೋದರೆ ವಾದಪತ್ರವೇ ತಿರಸ್ಕೃತ. ಸಣ್ಣ ಉದ್ಯಮವಾಗಿದ್ದರೆ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಫೆಸಿಲಿಟೇಷನ್ ಕೌನ್ಸಿಲ್ ಇನ್ನೂ ಚೆನ್ನಾದ ದಾರಿ. ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು.

ಇಂಥ ಹೊತ್ತಲ್ಲಿ ಬರುವ ಸಲಹೆಯೇ ಎನ್‌ಸಿಎಲ್‌ಟಿ. ಅದು ವಸೂಲಿ ಕೋರ್ಟಲ್ಲ, ದಿವಾಳಿಯ ಕೋರ್ಟು. 2020ರ ಮಾರ್ಚ್‌ನಿಂದ ಬಾಕಿ ಕನಿಷ್ಠ 1 ಕೋಟಿ ಇದ್ದರೆ ಮಾತ್ರ ಪ್ರವೇಶ. ಅಷ್ಟಿದ್ದರೂ, ನಿಮ್ಮ ಡಿಮ್ಯಾಂಡ್ ನೋಟಿಸಿಗೆ ಮುಂಚೆಯೇ "ಮಾಲು ಸರಿ ಇಲ್ಲ" ಅಂತ ಎದುರಿನವರು ನಿಜವಾದ ತಕರಾರು ಎತ್ತಿದ್ದರೆ ಅರ್ಜಿ ನಿಲ್ಲುವುದಿಲ್ಲ. ಕರಾರಿನ ತಗಾದೆಯನ್ನು ಬಿಡಿಸುವುದು ಅದರ ಕೆಲಸವಲ್ಲ ಅಂತ.

ದಿವಾಳಿ ಪ್ರಕ್ರಿಯೆ ಶುರುವಾದ ಮೇಲೆ ಅದೇ ನ್ಯಾಯಮಂಡಳಿಯ ಅಧಿಕಾರ ಎಲ್ಲಿಯವರೆಗೆ ಚಾಚುತ್ತದೆ ಎಂಬ ಪ್ರಶ್ನೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ದಿವಾಳಿಯಾಗುತ್ತಿದ್ದ ಕಂಪನಿಗೆ ಗಣಿ ಗುತ್ತಿಗೆ ಮುಂದುವರಿಸಿಕೊಡಿ ಎಂದು ಎನ್‌ಸಿಎಲ್‌ಟಿಯ ಚೆನ್ನೈ ಪೀಠ ಕರ್ನಾಟಕ ಸರ್ಕಾರಕ್ಕೆ ಆದೇಶಿಸಿತು. ಸರ್ಕಾರ ಹೈಕೋರ್ಟಿಗೆ ಹೋಯಿತು. ಎಂಬಸಿ ಪ್ರಾಪರ್ಟಿ ಪ್ರಕರಣ ಎಂದು ಹೆಸರಾದ ಇದರಲ್ಲಿ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು: ಗಣಿ ಗುತ್ತಿಗೆ ಬರೀ ಕರಾರಲ್ಲ, ಸಾರ್ವಜನಿಕ ಕಾನೂನಿನ ವಿಷಯ, ಅದು ನ್ಯಾಯಮಂಡಳಿಯ ಕೈಗೆ ಬರುವುದಿಲ್ಲ. ಖಾಸಗಿ ಕರಾರುಗಳ ಪ್ರಶ್ನೆ 2021ರಲ್ಲಿ ಎರಡು ತೀರ್ಪುಗಳಲ್ಲಿ ಬಗೆಹರಿಯಿತು. ಗುಜರಾತ್ ಊರ್ಜಾ ಪ್ರಕರಣದಲ್ಲಿ ಸೋಲಾರ್ ಕಂಪನಿ ದಿವಾಳಿಯಾಯಿತು ಎಂಬ ಒಂದೇ ಕಾರಣಕ್ಕೆ ವಿದ್ಯುತ್ ಖರೀದಿ ಕರಾರನ್ನು ರದ್ದು ಮಾಡಲು ಹೊರಟಿದ್ದರು. ಹಾಗಾಗಿ ಎನ್‌ಸಿಎಲ್‌ಟಿ ಮಧ್ಯೆ ಬರಬಹುದು ಎಂದಿತು ಕೋರ್ಟು. ಟಿಸಿಎಸ್ ಪ್ರಕರಣದಲ್ಲಿ ಸೇವೆ ಸರಿ ಇಲ್ಲ ಅಂತ ಕರಾರು ರದ್ದಾಗಿತ್ತು, ದಿವಾಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅಲ್ಲಿ ಎನ್‌ಸಿಎಲ್‌ಟಿಗೆ ಕೆಲಸವಿಲ್ಲ ಎಂದಿತು. ಎರಡರಲ್ಲೂ ಕರಾರಿನ ರದ್ದತಿಯೇ ವಿವಾದ, ರದ್ದತಿಯ ಕಾರಣ ಬೇರೆಯಾಗಿದ್ದರಿಂದ ಅಧಿಕಾರವೂ ಬೇರೆಯಾಯಿತು.

ಈಗ ನಿಮ್ಮ ಅಗ್ರಿಮೆಂಟಿನ ಕೊನೇ ಪುಟ ತೆಗೆಯಿರಿ. ಸಣ್ಣ ಅಕ್ಷರದಲ್ಲಿ ಎರಡು ಷರತ್ತು ಇರುತ್ತವೆ. ಒಂದು, ಎಲ್ಲ ವಿವಾದಗಳು ದೆಹಲಿ ಅಥವಾ ಮುಂಬೈ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ ಒಳಪಟ್ಟಿವೆ ಎನ್ನುವುದು. ಇನ್ನೊಂದು, ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥರಿಂದ ತೀರ್ಮಾನ. ಮೊದಲನೆಯದಕ್ಕೆ ಇರುವ ನಿಯಮ ಇಷ್ಟು: ಎರಡು ಮೂರು ಊರುಗಳ ಕೋರ್ಟುಗಳಿಗೆ ಕಾನೂನಿನಂತೆ ಅಧಿಕಾರ ಇದ್ದರೆ ಅವುಗಳಲ್ಲಿ ಒಂದನ್ನು ಕರಾರಿನಲ್ಲಿ ಆರಿಸಿಕೊಳ್ಳಬಹುದು. ಕರಾರಿಗೂ ಆ ಊರಿಗೂ ಸಂಬಂಧವೇ ಇಲ್ಲದಿದ್ದರೆ, ಅಲ್ಲಿನ ಕೋರ್ಟಿಗೆ ಷರತ್ತಿನಿಂದ ಅಧಿಕಾರ ಬರುವುದಿಲ್ಲ. 1971ರ ಹಕಂ ಸಿಂಗ್ ತೀರ್ಪಿನಿಂದ ಇದು ನಡೆದುಬಂದಿದೆ. "ಮಾತ್ರ" ಎಂಬ ಪದ ಇಲ್ಲದಿದ್ದರೂ ಉದ್ದೇಶ ಸ್ಪಷ್ಟವಿದ್ದರೆ ಸಾಕು ಎಂದು 2013ರಲ್ಲಿ ಸೇರಿಸಲಾಯಿತು. ನೌಕರಿಯ ಕರಾರಿಗೂ ಇದು ಅನ್ವಯ ಎಂದು 2025ರಲ್ಲಿ ಬ್ಯಾಂಕ್ ನೌಕರರ ಪ್ರಕರಣವೊಂದರಲ್ಲಿ ತೀರ್ಪು ಬಂದಿದೆ. ಬೇರೆ ಊರಲ್ಲಿ ಕೂತು ಕೆಲಸ ಮಾಡಿದವರೂ ಮುಂಬೈಗೇ ಹೋಗಬೇಕಾಯಿತು. ಆಫರ್ ಲೆಟರ್ ಬಂದ ಖುಷಿಯಲ್ಲಿ ಆ ಪುಟವನ್ನು ಓದುವವರು ಎಷ್ಟು ಜನ?

ಆರ್ಬಿಟ್ರೇಷನ್ ಷರತ್ತು ಇದ್ದರೆ, ಎದುರಿನವರು ತಮ್ಮ ಉತ್ತರ ಸಲ್ಲಿಸುವ ಮೊದಲೇ ಅದನ್ನು ತೋರಿಸಿ ಕೇಳಿದರೆ, ಸಿವಿಲ್ ಕೋರ್ಟ್ ಕೇಸನ್ನು ಅಲ್ಲಿಗೆ ಕಳಿಸಲೇಬೇಕಾಗುತ್ತದೆ. ಗ್ರಾಹಕ ಆಯೋಗ ಮಾತ್ರ ಕಳಿಸಬೇಕಾಗಿಲ್ಲ. ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹಾಗಾಗಿ ಬಿಲ್ಡರ್ ಕಡೆಯವರು "ಆರ್ಬಿಟ್ರೇಷನ್ ಇದೆ, ನೀವು ಎಲ್ಲೂ ಹೋಗೋಕಾಗಲ್ಲ" ಎಂದರೆ ನಂಬಬೇಡಿ.

ತಪ್ಪು ಕದ ತಟ್ಟಿಬಿಟ್ಟಿದ್ದರೆ? ಎಲ್ಲ ಮುಳುಗಿತು ಎಂದೇನೂ ಅಲ್ಲ, ಆದರೆ ಗಡಿಯಾರ ನೋಡಬೇಕು. ಗ್ರಾಹಕ ದೂರಿಗೆ 2 ವರ್ಷ, ಕರಾರಿನ ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ. ಕಾಲಮಿತಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ನೀವು ಪ್ರಾಮಾಣಿಕವಾಗಿ, ಶ್ರದ್ಧೆಯಿಂದ, ಅಧಿಕಾರವಿಲ್ಲದ ಕಡೆ ಅದೇ ವಿಷಯಕ್ಕೆ ಹೋರಾಡುತ್ತಿದ್ದ ಸಮಯವನ್ನು ಲೆಕ್ಕದಿಂದ ಬಿಡುತ್ತಾರೆ. ಲಕ್ಷ್ಮಿ ಎಂಜಿನಿಯರಿಂಗ್‌ನವರಿಗೆ ಗ್ರಾಹಕರಲ್ಲ ಅಂತ ಹೇಳಿ ಕಳಿಸುವಾಗಲೂ ಸುಪ್ರೀಂ ಕೋರ್ಟ್ ಈ ಅನುಕೂಲವನ್ನು ತೆರೆದಿಟ್ಟಿತು. ಆದರೆ ಗ್ರಾಹಕರಲ್ಲ ಎಂಬ ತಕರಾರು ಮೊದಲ ದಿನವೇ ಬಂದಿದ್ದರೂ ನಾಲ್ಕು ವರ್ಷ ಅಲ್ಲೇ ಹಟ ಹಿಡಿದು ಕೂತವರು ಶ್ರದ್ಧೆಯ ಮಾತಾಡಿದರೆ ಕೋರ್ಟ್ ಹುಬ್ಬೇರಿಸುತ್ತದೆ. ವಾದಪತ್ರ ವಾಪಸ್ ಪಡೆದು ಸರಿಯಾದ ಕೋರ್ಟಿಗೆ ಹಾಕಿದರೂ ವಿಚಾರಣೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಸಾಕ್ಷ್ಯ ಮೊದಲಿನಿಂದ.

ಹಾಗಾಗಿ ಆಯೋಗ ನಿಮ್ಮ ದೂರನ್ನು ಅಧಿಕಾರವಿಲ್ಲ ಅಂತ ಮುಗಿಸುವ ದಿನ ಅಲ್ಲೇ ಎದ್ದು ನಿಂತು, ಸಿವಿಲ್ ಕೋರ್ಟಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟು ಆದೇಶದಲ್ಲಿ ಬರೆಯಿರಿ ಎಂದು ಕೇಳಿ. ದೂರು ಸಲ್ಲಿಸಿದ ದಿನ, ಆದೇಶವಾದ ದಿನ ಎರಡೂ ಕಾಣುವ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ. ಮುಂದಿನ ವಕೀಲರು ಮೊದಲು ಕೇಳುವುದು ಆ ಎರಡು ತಾರೀಖನ್ನೇ.